ಕಾಡಿನ ಹಾದಿ ಕೆಡಿಸುವುದು ಗಾಲಿಯೋ, ಕಾಲೋ?

ಆಳಂದ, ಅಫಜಲಪುರ, ಜೇವರ್ಗಿ ಎಂದರೆ ತೊಗರಿ, ಜೋಳ, ಎರೆಭೂಮಿ. ಕಣ್ಣು ಹಾಯಿಸಿದಷ್ಟು ದೂರ ಹೊಲ. ಕಾಡು ತೀರಾ ಕಡಿಮೆ. ಈ ಕಡೆಯವರು ಮರಗಳ ನಡುವೆ ನಡೆಯಬೇಕೆಂದರೆ ಕಲಬುರಗಿ ಜಿಲ್ಲೆಯ ಇನ್ನೊಂದು ಅಂಚಿಗೆ, ಚಿಂಚೋಳಿಗೆ ಹೋಗಬೇಕು. ಅಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕುರುಚಲು, ಎಲೆಯುದುರುವ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ ಅಲ್ಲಿನ ಹೆಸರಾದ ತಾಣಗಳು.

ಕಾಡಿದ್ದಲ್ಲಿ ಹಾದಿಯ ಪ್ರಶ್ನೆಯೂ ಬರುತ್ತದೆ. ನಡೆಯುವವರೂ ಗೇರ್ ಸೈಕಲ್ಲಿನವರೂ ಒಂದೇ ಕಾಡುಹಾದಿಗೆ ಇಳಿಯುವುದು ಬೆಂಗಳೂರಿಗೆ ಹೊಸದೇನಲ್ಲ. ಕನಕಪುರ ರಸ್ತೆ ಬಳಿಯ ತುರಹಳ್ಳಿ ಕಾಡಿನಲ್ಲಿ ಇಬ್ಬರೂ ಓಡಾಡಿದ್ದಾರೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ನಾಗರಿಕರು ಬೀದಿಗಿಳಿದಿದ್ದರು. ಆದರೆ ಹಾದಿ ಯಾರದು, ಕೆಡಿಸುವವರು ಯಾರು ಎಂಬ ಮಾತು ಬಂದರೆ ಕೆಲವು ತಪ್ಪು ಕಲ್ಪನೆಗಳು ಎಲ್ಲೆಡೆ ತಲೆ ಎತ್ತುತ್ತವೆ.

ತಪ್ಪು ಕಲ್ಪನೆ: ಹಾದಿ ಕೆಡುವುದು ಸೈಕಲ್ಲಿನಿಂದಲೇ.

ಸತ್ಯ: ಅಮೆರಿಕದ ಮೊಂಟಾನಾದಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ಕಾಡುಹಾದಿಗಳ ಮೇಲೆ ಕೃತಕ ಮಳೆ ಸುರಿಸಿ ಪರೀಕ್ಷೆ ಮಾಡಿದರು. 1994ರಲ್ಲಿ ಪ್ರಕಟವಾದ ಅವರ ಫಲಿತಾಂಶ ನಡೆಯುವವರಿಗೆ ಇರುಸುಮುರುಸು ತರುವಂಥದ್ದು: ಕುದುರೆಯ ಗೊರಸು, ಮನುಷ್ಯನ ಹೆಜ್ಜೆ ಎರಡೂ ಗಾಲಿಗಿಂತ ಹೆಚ್ಚು ಮಣ್ಣನ್ನು ಸಡಿಲಗೊಳಿಸಿದ್ದವು. ಹಾದಿ ಮೊದಲೇ ನೆನೆದಿದ್ದಾಗಲಂತೂ ಈ ವ್ಯತ್ಯಾಸ ಎದ್ದು ಕಂಡಿತು. ಕೆನಡಾದ ಒಂಟಾರಿಯೊದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಾಡಿನ ನೆಲದ ಮೇಲೆ 500 ಬಾರಿಯವರೆಗೆ ಓಡಾಡಿಸಿ ನೋಡಿದರು. ಗಿಡಗಳಿಗಾದ ಹಾನಿಯಲ್ಲಿ ಕಾಲಿಗೂ ಗಾಲಿಗೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ.

ಹಾಗೆಂದು ಸೈಕಲ್ಲಿನವರು ಬೀಗುವಂತಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಗಾಲಿ ಜಾರಿಸಿದರೆ ಮಣ್ಣು ಕಿತ್ತುಬರುತ್ತದೆ, ಗಾಲಿ ಕೊರೆದ ಗೀರೇ ಮಳೆಗಾಲದಲ್ಲಿ ನೀರು ಹರಿಯುವ ಕಾಲುವೆಯಾಗುತ್ತದೆ. ಸೈಕಲ್ ಹಾರಿಸಲೆಂದು ದಿಬ್ಬ ಕಟ್ಟುವುದು, ಒಳಹಾದಿ ಕಡಿಯುವುದು ಇನ್ನೂ ಕೆಟ್ಟದ್ದು.

ತಪ್ಪು ಕಲ್ಪನೆ: ಮಳೆ ನಿಂತ ಕೂಡಲೇ ಹೊರಟರೆ ಮಜಾ.

ಸತ್ಯ: ಎರೆಮಣ್ಣಿನ ಗುಣ ಬಲ್ಲ ರೈತ ಈ ಮಾತು ಒಪ್ಪಲಾರ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಇದ್ದಾಗ ಚಪ್ಪಲಿಗೂ ಟೈರಿಗೂ ಒಂದೇ ಸಮ ಮೆತ್ತಿಕೊಳ್ಳುತ್ತದೆ. ಆಗ ಬಿದ್ದ ಗುಂಡಿ ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ರಾಡಿ ತಪ್ಪಿಸಲು ಎಲ್ಲರೂ ಪಕ್ಕಕ್ಕೆ ಸರಿದು ನಡೆದರೆ ಒಂದಾಳಿನ ಕಾಲುಹಾದಿ ಬಂಡಿಹಾದಿಯಷ್ಟು ಅಗಲವಾಗಿ, ಅಂಚಿನ ಗಿಡಗಳು ಸಾಯುತ್ತವೆ. ನೆಲ ಆರುವವರೆಗೆ ಕಾಯುವುದೇ ಸರಿ. ಹೋಗಲೇಬೇಕಾದರೆ ರಾಡಿಯ ನಡುವೆಯೇ ನಡೆಯಬೇಕು.

ತಪ್ಪು ಕಲ್ಪನೆ: ಬೆಲ್ ಹೊಡೆದವನಿಗೆ ದಾರಿ ಬಿಡಬೇಕು.

ಸತ್ಯ: ಹಂಚಿಕೊಂಡ ಕಾಡುಹಾದಿಗಳಲ್ಲಿ ಜಗತ್ತಿನ ಹಲವೆಡೆ ರೂಢಿಯಲ್ಲಿರುವ ನಿಯಮ ಇದಕ್ಕೆ ತದ್ವಿರುದ್ಧ. ಸೈಕಲ್ಲಿನವರು ನಡೆಯುವವರಿಗೆ, ಇಳಿಯುವವರು ಹತ್ತುವವರಿಗೆ ಹಾದಿ ಬಿಡಬೇಕು. ಬೆಲ್ ಇರುವುದು ಬರುತ್ತಿರುವ ಸುಳಿವು ಕೊಡಲು. ದನ, ಕುರಿ, ಆಡುಗಳ ಹಿಂಡು ಎದುರಾದರೆ ಇಬ್ಬರೂ ನಿಲ್ಲಬೇಕು.

ಡಾಂಬರು ರಸ್ತೆಯ ಲೆಕ್ಕ ಬೇರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಇದನ್ನು ಗಮನಿಸಬೇಕು. ಫುಟ್‌ಪಾತ್ ಇಲ್ಲದ ಕಡೆ ನಡೆಯುವವರಿಗೆ ಬಲಬದಿಯೇ ಸುರಕ್ಷಿತ, ಎದುರಿಂದ ಬರುವ ವಾಹನ ಕಣ್ಣಿಗೆ ಕಾಣುತ್ತದೆ. ಸೈಕಲ್ಲಿನವರು ಮಾತ್ರ ಎಡಕ್ಕೇ ಇರಬೇಕು.

ತಪ್ಪು ಕಲ್ಪನೆ: ಸದ್ದಿಲ್ಲದೆ ನಡೆದುಹೋದರೆ ಪ್ರಾಣಿಗಳಿಗೆ ತೊಂದರೆಯೇ ಇಲ್ಲ.

ಸತ್ಯ: ಅಮೆರಿಕದ ಯೂಟಾ ರಾಜ್ಯದ ಆ್ಯಂಟಿಲೋಪ್ ದ್ವೀಪದಲ್ಲಿ ಕಾಡೆಮ್ಮೆಯನ್ನು ಹೋಲುವ ಬೈಸನ್, ಜಿಂಕೆಗಳ ವರ್ತನೆಯನ್ನು ಟೇಲರ್ ಮತ್ತು ನೈಟ್ ಗಮನಿಸಿದರು. 2003ರ ಅವರ ವರದಿಯ ಪ್ರಕಾರ ಪ್ರಾಣಿಗಳು ನಡೆಯುವವರನ್ನು ಕಂಡಾಗಲೂ ಸೈಕಲ್ ಕಂಡಾಗಲೂ ಹೆಚ್ಚುಕಡಿಮೆ ಒಂದೇ ರೀತಿ ಬೆದರಿದ್ದವು. ಜನ ಹಾದಿ ಬಿಟ್ಟು ಒಳನುಗ್ಗಿದಾಗ ಅವು ಬೆದರುವುದು ಇನ್ನೂ ಹೆಚ್ಚು. ಚಿಂಚೋಳಿ ಕಾಡು ತೋಳ, ಕತ್ತೆಕಿರುಬಗಳ ನೆಲೆ. ಅಲ್ಲಿಯೂ ಹಾದಿ ಬಿಡದಿರುವುದೇ ಮೊದಲ ಎಚ್ಚರ.

ತಪ್ಪು ಕಲ್ಪನೆ: ಬೇಲಿ ಇಲ್ಲ ಎಂದರೆ ಯಾರು ಬೇಕಾದರೂ ಹೋಗಬಹುದು.

ಸತ್ಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ವನ್ಯಜೀವಿಧಾಮಕ್ಕೆ ಪರವಾನಗಿ ಇಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ಒಳಗೆ ಆಸ್ತಿಯ ಹಕ್ಕುಳ್ಳವರಿಗೆ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿಯಿದೆ. ಚಾರಣಕ್ಕೆ ಬಂದವರಿಗೆ, ಕಾಲ್ನಡಿಗೆಯಾಗಲಿ ಸೈಕಲ್ಲಾಗಲಿ, ಅಂಥ ವಿನಾಯಿತಿ ಇಲ್ಲ.

ಚಿಂಚೋಳಿಗೆ ಹೊರಡುವವರು ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ, ಅನುಮತಿ ಪಡೆಯಿರಿ. ನೆಲ ಆರಿ, ಬಿಸಿಲು ಇನ್ನೂ ಏರದ ನವೆಂಬರ್‌ನಿಂದ ಜನವರಿವರೆಗಿನ ದಿನಗಳು ಒಳ್ಳೆಯವು. ಆಮೇಲೆ ಉದುರಿದ ಎಲೆ ಒಣಗಿ ಬೆಂಕಿಗೆ ಕಾದಿರುತ್ತದೆ. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ.