ಕರಿನೀರಿನಾಚೆಯ ಸೆರೆಮನೆ

ಸುತ್ತಲೂ ಸಮುದ್ರವೇ ಇರುವ ದ್ವೀಪದಲ್ಲಿ ಸೆರೆಯಾಳು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಈ ಯೋಚನೆಯಿಂದಲೇ ಫ್ರೆಂಚರು ದಕ್ಷಿಣ ಅಮೆರಿಕದ ತೀರದ ‘ದೆವ್ವದ ದ್ವೀಪ’ವನ್ನೂ ಆಂಗ್ಲರು ಬಂಗಾಳ ಕೊಲ್ಲಿಯ ಅಂಡಮಾನನ್ನೂ ಬಂದೀಖಾನೆಗಳನ್ನಾಗಿ ಮಾಡಿದರು. ಇಂದು ಅಂಡಮಾನ್ ಪ್ರವಾಸಿಗಳು ಹಡಗಿನಿಂದಿಳಿದು ನೋಡುವ ಸ್ಥಳವಾಗಿದೆ.

ನಮ್ಮ ರಾಜಾಜಿನಗರ, ವಿಜಯನಗರಗಳ ಕಡೆಯವರು ಸಮುದ್ರಮಾರ್ಗವಾಗಿ ಅಂಡಮಾನಿಗೆ ಹೋಗಬಯಸಿದರೆ, ರೈಲಿನಲ್ಲಿ ಚೆನ್ನೈಗೆ ಹೋಗಿ ಅಲ್ಲಿ ಹಡಗನ್ನೇರಬೇಕು. ಸುಮಾರು 1,200 ಕಿಲೋಮೀಟರುಗಳ ಈ ಪ್ರಯಾಣಕ್ಕೆ ಎರಡೂವರೆಯಿಂದ ಮೂರು ದಿನ ಹಿಡಿಯುತ್ತದೆ. ವಿಮಾನದಲ್ಲಿ ಬೇಗನೆ ತಲುಪಬಹುದಾದರೂ, ಆ ದ್ವೀಪ ಎಷ್ಟು ದೂರವೆಂಬುದು ಅರ್ಥವಾಗುವುದು ಹಡಗಿನಲ್ಲಿಯೇ. ನೆಲ ಕಣ್ಮರೆಯಾದ ಮೇಲೆ ದಿನವಿಡೀ ನೀರಲ್ಲದೆ ಬೇರೇನೂ ಇಲ್ಲ. ಸಮುದ್ರ ದಾಟಿದರೆ ಜಾತಿ ಕೆಡುವುದೆಂದು ನಂಬಿದ್ದ ಕಾಲದಲ್ಲಿ, ಕಾಲಿಗೆ ಬೇಡಿ ತೊಟ್ಟು ಇದೇ ನೀರನ್ನು ದಾಟಿದವರ ಪಾಡೇನು? ‘ಕರಿನೀರಿನ ಶಿಕ್ಷೆ’ ಎಂಬ ಮಾತಿನ ಭಯ ಅಂಥದು.

1857ರ ದಂಗೆಯನ್ನು ಅಡಗಿಸಿದ ಆಂಗ್ಲರು, 1858ರ ಮಾರ್ಚ್ 10ರಂದು ಸುಮಾರು 200 ಮಂದಿ ಕೈದಿಗಳನ್ನು ಇಲ್ಲಿಗೆ ತಂದಿಳಿಸಿದರು. ಅವರು ದಟ್ಟವಾದ ಕಾಡನ್ನು ಕಡಿದು ಊರು ಕಟ್ಟಿದರು. ಅದೇ ಪೋರ್ಟ್ ಬ್ಲೇರ್. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಪ್ರಸಿದ್ಧವಾದ ಸೆಲ್ಯುಲರ್ ಜೈಲು ಅನಂತರದ್ದು. 1896ರಲ್ಲಿ ಆರಂಭವಾದ ಅದರ ಕಟ್ಟಡ 1906ರಲ್ಲಿ ಮುಗಿಯಿತು. ಅದನ್ನು ಕಟ್ಟಿದವರೂ ಕೈದಿಗಳೇ.

ಈ ಜೈಲಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿರುವ ಫ್ರೀಡಂ ಪಾರ್ಕಿನಲ್ಲಿ ಕಾವಲು ಗೋಪುರವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಂಡಮಾನಿನಲ್ಲಿಯೂ ನಡುವೆ ಒಂದು ಗೋಪುರ. ಅದರಿಂದ ಗಾಡಿಯ ಚಕ್ರದ ಅರೆಕಾಲುಗಳಂತೆ ಹೊರಟ, ಮೂರು ಅಂತಸ್ತುಗಳ ಏಳು ಸಾಲುಗಳು. ಸುಮಾರು 700 ಕೋಣೆಗಳು. ಒಂದೊಂದರಲ್ಲಿ ಒಬ್ಬನೇ ಕೈದಿ. ಒಂದು ಸಾಲಿನ ಮುಂಭಾಗಕ್ಕೆ ಮತ್ತೊಂದು ಸಾಲಿನ ಬೆನ್ನು ಎದುರಾಗುವಂತೆ ಕಟ್ಟಿದ್ದರಿಂದ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮನುಷ್ಯನಿಗೆ ಮನುಷ್ಯನ ಸಂಗವನ್ನೇ ತಪ್ಪಿಸುವುದು ಇಲ್ಲಿನ ಮುಖ್ಯ ಶಿಕ್ಷೆಯಾಗಿತ್ತು. ಅದರ ಮೇಲೆ ತೆಂಗಿನ ನಾರು ಬಡಿಯುವುದು, ಎತ್ತಿನಂತೆ ಗಾಣ ಸುತ್ತುವುದು. ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ತೆಗೆಯದಿದ್ದರೆ ದಂಡನೆ ತಪ್ಪುತ್ತಿರಲಿಲ್ಲ.

ಆದರೂ ಅವರ ಸಂಕಲ್ಪ ಮುರಿಯಲಿಲ್ಲ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್ ಮತ್ತು ಮೋಹಿತ್ ಮೈತ್ರ ಎಂಬ ಮೂವರು ಪ್ರಾಣ ತೆತ್ತರು. 1937ರಲ್ಲಿ ಮತ್ತೆ ಉಪವಾಸ ನಡೆಯಿತು. ಅದರ ಫಲವಾಗಿ ರಾಜಕೀಯ ಕೈದಿಗಳು ತಾಯ್ನಾಡಿನ ಸೆರೆಮನೆಗಳಿಗೆ ಮರಳಿದರು. 1942ರಲ್ಲಿ ದ್ವೀಪವನ್ನು ಹಿಡಿದ ಜಪಾನೀಯರೂ ಇದೇ ಕೋಣೆಗಳಲ್ಲಿ ಭಾರತೀಯರನ್ನು ಹಿಂಸಿಸಿದರು. ಯಜಮಾನರು ಬದಲಾದ ಮಾತ್ರಕ್ಕೆ ಸೆರೆಮನೆಯ ಸ್ವಭಾವ ಬದಲಾಗುವುದಿಲ್ಲ.

ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ಹಳೆಯ ಆವರಣದಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಇದೆ. 1979ರ ಫೆಬ್ರವರಿ 11ರಂದು ಜೈಲನ್ನು ರಾಷ್ಟ್ರೀಯ ಸ್ಮಾರಕವೆಂದು ದೇಶಕ್ಕೆ ಅರ್ಪಿಸಲಾಯಿತು. ಅಲ್ಲಿನ ಅಮೃತಶಿಲೆಯ ಫಲಕಗಳಲ್ಲಿ ಸ್ವಾತಂತ್ರ್ಯ ವೀರರ ಹೆಸರುಗಳಿವೆ, ಅವು ಇರತಕ್ಕದ್ದೇ. ಆದರೆ ಕಾಡು ಕಡಿದ, ಇಟ್ಟಿಗೆ ಹೊತ್ತ, ಜ್ವರದಿಂದ ಸತ್ತ ಸಾವಿರಾರು ಸಾಮಾನ್ಯ ಕೈದಿಗಳ ಹೆಸರುಗಳಿಗೆ ಆ ಫಲಕಗಳಲ್ಲಿ ಸ್ಥಳವಿಲ್ಲ. ಬಿಡುಗಡೆಯಾದ ಮೇಲೆ ಅಲ್ಲಿಯೇ ಸಂಸಾರ ಹೂಡಿದವರ ಮಕ್ಕಳು ಮೊಮ್ಮಕ್ಕಳು ‘ಲೋಕಲ್ ಬಾರ್ನ್’ ಎಂಬ ಹೆಸರಿನಿಂದ ಇಂದಿಗೂ ಆ ದ್ವೀಪದಲ್ಲಿ ಬಾಳುತ್ತಿದ್ದಾರೆ.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ಸಂಗತಿ ಮನಸ್ಸಿಗೆ ನಾಟುತ್ತದೆ. ಹೆಬ್ಬೆಟ್ಟು ಒತ್ತಿ ಬಾಳಿದ ನಮ್ಮ ಹಿರಿಯರ ಹೆಸರುಗಳೂ ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಎತ್ತಿದ ಗೋಡೆಗಳು ಮಾತ್ರ ಉಳಿದಿವೆ. ಆದುದರಿಂದ ಅಂಡಮಾನಿಗೆ ಹೋಗುವ ಮಿತ್ರರು ಫಲಕಗಳ ಮುಂದೆ ತಲೆಬಾಗಿದ ಮೇಲೆ, ಪಕ್ಕದ ಇಟ್ಟಿಗೆಯ ಗೋಡೆಯನ್ನೂ ಒಂದು ಕ್ಷಣ ಮುಟ್ಟಿ ಬರಲಿ. ಹೆಸರಿಲ್ಲದವರಿಗೆ ಅಲ್ಲಿರುವ ಸ್ಮಾರಕ ಅದೊಂದೇ.