ಹೂಸ್ಟನ್ನಿನ ಹದಿನಾರು ಪ್ರಶಸ್ತಿಗಳು

ಚೆಂಡನ್ನು ಅತಿ ಕಡಿಮೆ ಹೊಡೆತಗಳಲ್ಲಿ ಹದಿನೆಂಟು ಕುಳಿಗಳಿಗೂ ಸೇರಿಸಿದವನೇ ಗೆಲ್ಲುವ ಗಾಲ್ಫ್ ಮೂಲತಃ ಒಂಟಿ ಆಟಗಾರನ ಕ್ರೀಡೆಯಾದರೂ, ಅಮೆರಿಕದ ಕಾಲೇಜುಗಳಲ್ಲಿ ಅದು ತಂಡಗಳ ಸ್ಪರ್ಧೆಯಾಗಿಯೂ ಬೆಳೆದಿದೆ. ಈಗಿನ ರೂಢಿಯಂತೆ ಪ್ರತಿ ಕಾಲೇಜಿನಿಂದ ಐವರು ಕಣಕ್ಕಿಳಿಯುತ್ತಾರೆ. ಪ್ರತಿ ಸುತ್ತಿನಲ್ಲೂ ಅವರ ಪೈಕಿ ಚೆನ್ನಾಗಿ ಆಡಿದ ನಾಲ್ವರ ಹೊಡೆತಗಳನ್ನಷ್ಟೇ ಕೂಡಿ ತಂಡದ ಮೊತ್ತ ತೆಗೆಯಲಾಗುತ್ತದೆ. ಹೀಗಾಗಿ ಒಬ್ಬನೇ ಪ್ರತಿಭಾವಂತನನ್ನು ನೆಚ್ಚಿಕೊಂಡು ತಂಡ ಗೆಲ್ಲಲಾರದು. ಎಷ್ಟೋ ಸಲ ಸೋಲುಗೆಲುವನ್ನು ತೀರ್ಮಾನಿಸುವುದು ನಾಲ್ಕನೆಯವನ ಆಟವೇ. ಆ ನಾಲ್ಕನೆಯವನನ್ನು ಹುಡುಕಿ ತರುವುದೂ ತರಬೇತುದಾರನ ಹೊಣೆ.

ಈ ಹೊಣೆಯನ್ನು ಡೇವ್ ವಿಲಿಯಮ್ಸ್ ಅವರಷ್ಟು ಯಶಸ್ವಿಯಾಗಿ ನಿಭಾಯಿಸಿದವರು ಪುರುಷರ ಕಾಲೇಜು ಗಾಲ್ಫಿನಲ್ಲಿ ಇನ್ನೊಬ್ಬರಿಲ್ಲ. ಟೆಕ್ಸಾಸ್ ರಾಜ್ಯದ ಹೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಬೋಧಿಸುತ್ತಿದ್ದ ಅವರು 1950ರ ದಶಕದ ಆರಂಭದಲ್ಲಿ ಅಲ್ಲಿನ ಗಾಲ್ಫ್ ತಂಡವನ್ನು ವಹಿಸಿಕೊಂಡು 1987ರವರೆಗೆ ಮುನ್ನಡೆಸಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಪ್ರಶಸ್ತಿಯನ್ನು 1956ರಲ್ಲಿ ಮೊದಲ ಬಾರಿಗೆ ಗೆದ್ದ ಹೂಸ್ಟನ್, 1960ರವರೆಗೆ ಸತತ ಐದು ವರ್ಷ ಅದನ್ನು ಬಿಟ್ಟುಕೊಡಲಿಲ್ಲ. 1964ರಿಂದ 1967ರವರೆಗೆ ಮತ್ತೆ ನಾಲ್ಕು ಬಾರಿ ಸಾಲಾಗಿ ಗೆದ್ದು, 1985ರ ಹೊತ್ತಿಗೆ ಒಟ್ಟು 16 ಪ್ರಶಸ್ತಿಗಳನ್ನು ತನ್ನದಾಗಿಸಿಕೊಂಡಿತು.

ಸ್ವತಃ ಹೆಸರಾಂತ ಗಾಲ್ಫ್ ಆಟಗಾರರಲ್ಲದ ವಿಲಿಯಮ್ಸ್ ಅವರ ಬಲ, ಕೋಲು ಬೀಸುವ ಸೂಕ್ಷ್ಮಗಳನ್ನು ಕಲಿಸುವುದಕ್ಕಿಂತ ಹೆಚ್ಚಾಗಿ ಸಂಘಟನೆಯಲ್ಲಿತ್ತು ಎನ್ನಬೇಕು. ಶಾಲಾ ಹಂತದಲ್ಲೇ ಹೆಸರು ಮಾಡಿದ ಹುಡುಗರನ್ನು ಗುರುತಿಸಿ ಕರೆತರುವುದರಲ್ಲಿ ಅವರು ಎತ್ತಿದ ಕೈ. ಒಳ್ಳೆಯ ಆಟಗಾರರು ಸೇರಿದ ಕಡೆಗೆ ಮತ್ತಷ್ಟು ಒಳ್ಳೆಯವರು ತಾವಾಗಿಯೇ ಬರತೊಡಗಿದರು. ಎರಡು ಕಾಲೇಜುಗಳು ಎದುರುಬದುರಾಗಿ ಆಡಿ ಮುಗಿಸುವ ಪಂದ್ಯಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಅನೇಕ ತಂಡಗಳು ಒಂದೇ ಅಂಗಳದಲ್ಲಿ ಹಲವು ದಿನ ಸೆಣಸುವ ಪಂದ್ಯಾವಳಿಯನ್ನು ಅವರು ಹೂಸ್ಟನ್ನಿನಲ್ಲಿ ಏರ್ಪಡಿಸಿದರು. ಅವರನ್ನು ಕಾಲೇಜು ಗಾಲ್ಫಿನ ಪಿತಾಮಹ ಎಂದು ಕರೆಯುವುದಕ್ಕೆ ಪ್ರಶಸ್ತಿಗಳ ಸಂಖ್ಯೆಯಷ್ಟೇ ಇದೂ ಕಾರಣ.

ಅವರ ಗರಡಿಯಲ್ಲಿ ಪಳಗಿದವರಲ್ಲಿ ಜಾನ್ ಮಹಾಫಿ 1978ರ ಪಿಜಿಎ ಚಾಂಪಿಯನ್‌ಷಿಪ್ಪನ್ನೂ, ಬಿಲ್ ರಾಜರ್ಸ್ 1981ರ ಬ್ರಿಟಿಷ್ ಓಪನ್ನನ್ನೂ, ಫ್ರೆಡ್ ಕಪಲ್ಸ್ 1992ರ ಮಾಸ್ಟರ್ಸನ್ನೂ ಗೆದ್ದರು. ಕಪಲ್ಸ್ ಅವರಿಗೆ ಅಂದು ಮಾಸ್ಟರ್ಸ್ ವಿಜೇತರ ಹಸಿರು ಕೋಟು ತೊಡಿಸಿದ ಸಮಾರಂಭವನ್ನು ದೂರದರ್ಶನದಲ್ಲಿ ನಡೆಸಿಕೊಟ್ಟ ಜಿಮ್ ನ್ಯಾಂಟ್ಜ್ ಕೂಡ ಹೂಸ್ಟನ್ನಿನ ವಿದ್ಯಾರ್ಥಿನಿಲಯದಲ್ಲಿ ಅವರ ಜೊತೆಗಾರರಾಗಿದ್ದವರೇ.

ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪ್ರಖ್ಯಾತ ತರಬೇತುದಾರ ಮೈಕ್ ಹೋಲ್ಡರ್ ಅವರ ತಂಡಗಳು ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು 8, ಎಂದರೆ ವಿಲಿಯಮ್ಸ್ ಅವರ ಸಾಧನೆಯ ಅರ್ಧದಷ್ಟು. ಇತ್ತ ವಿಲಿಯಮ್ಸ್ ನಿವೃತ್ತರಾದ ಬಳಿಕ ಹೂಸ್ಟನ್ ಪುರುಷರ ತಂಡಕ್ಕೆ ಆ ಪ್ರಶಸ್ತಿ ಮತ್ತೆ ದಕ್ಕಿಲ್ಲ.