ಸಲಾಮ್ ಹೇಳದೆ ಒಳಬರುವ ಸಂದೇಶಗಳು

2004ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಫೋನ್ ಎತ್ತಿದವರಿಗೆ ಪ್ರಧಾನಿ ವಾಜಪೇಯಿಯವರ ಧ್ವನಿಮುದ್ರಿತ ಮಾತು ಕೇಳಿಸುತ್ತಿತ್ತು. ಅಂದು ಅದೊಂದು ಕೌತುಕ. ಇಂದು ಚುನಾವಣೆ ಹತ್ತಿರವಾಯಿತೆಂದರೆ, ಮಗ್ರಿಬ್ ನಮಾಝ್ ಮುಗಿಸಿ ಮೊಬೈಲ್ ತೆರೆದಾಗ ಪಕ್ಷಗಳ ಸಂದೇಶಗಳ ಸಾಲೇ ಕಾದಿರುತ್ತದೆ. ಈ ವಿಷಯದಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

2024ರ ಮಾರ್ಚ್‌ನಲ್ಲಿ 'ವಿಕಸಿತ ಭಾರತ ಸಂಪರ್ಕ' ಎಂಬ ಹೆಸರಿನಲ್ಲಿ ಪ್ರಧಾನಿಯವರ ಪತ್ರ ವಾಟ್ಸಾಪ್‌ನಲ್ಲಿ ಬಂತು. ಯುಎಇಯಲ್ಲಿದ್ದ ವಿದೇಶೀಯರಿಗೂ ಬಂತು, ಇಲ್ಲಿ ಮತವೇ ಇಲ್ಲದ ಪಾಕಿಸ್ತಾನಿಗಳಿಗೂ! ಮಾರ್ಚ್ 16ರಂದು ನೀತಿ ಸಂಹಿತೆ ಜಾರಿಯಾದ ಬಳಿಕವೂ ಅದು ನಿಲ್ಲದಿದ್ದಾಗ, ಚುನಾವಣಾ ಆಯೋಗವು 21ರಂದು ಐಟಿ ಸಚಿವಾಲಯಕ್ಕೆ ತಡೆಯುವಂತೆ ಆದೇಶಿಸಿತು. ಕಳುಹಿಸಿದ್ದು ಸಂಹಿತೆಗೆ ಮೊದಲೇ, ಕೆಲವು ತಡವಾಗಿ ತಲುಪಿರಬಹುದು ಎಂಬುದು ಸಚಿವಾಲಯದ ಸಮಜಾಯಿಷಿ.

ಇತರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಹಿಂತಿರುಗಬೇಕೆಂದು ಪ್ರವಾದಿ(ಸ)ರು ಕಲಿಸಿದರು. ಮದ್ರಸದಲ್ಲಿ ಈ ಪಾಠ ಹೇಳುವಾಗ ಮಕ್ಕಳು ಬಾಗಿಲನ್ನು ಮಾತ್ರ ಊಹಿಸಿಕೊಳ್ಳುತ್ತಾರೆ. ಜೇಬಿನಲ್ಲಿರುವ ಫೋನೂ ಒಂದು ಬಾಗಿಲಲ್ಲವೇ? ನಮ್ಮ ಕಾನೂನಾದರೋ ಮತದಾನ ಮುಗಿಯುವ ಮುಂಚಿನ 48 ಗಂಟೆಗಳಷ್ಟೇ ಪ್ರಚಾರದ ಸಗಟು ಎಸ್ಸೆಮ್ಮೆಸ್‌ಗೆ ತಡೆಯೊಡ್ಡುತ್ತದೆ.

ಕಳೆದ ಬಾರಿ ನನ್ನ ಪತ್ನಿಗೆ ಬಂದ ಅಭ್ಯರ್ಥಿಯೊಬ್ಬರ ಸಂದೇಶದಲ್ಲಿ ಅವಳ ಹೆಸರು, ಬೂತ್ ಸಂಖ್ಯೆ ಎಲ್ಲವೂ ಸರಿಯಾಗಿತ್ತು. ಪ್ರಕಟವಾಗುವ ಮತದಾರರ ಪಟ್ಟಿಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಅವಳು ನಂಬರ್ ಕೊಟ್ಟದ್ದು ಗ್ಯಾಸ್ ಬುಕಿಂಗಿಗೆ, ಮಗಳ ಶಾಲೆಯ ಅರ್ಜಿಗೆ, ಒಂದು ಬಟ್ಟೆ ಅಂಗಡಿಯ ಬಿಲ್ಲಿಗೆ. ಎರಡನ್ನೂ ಯಾರೋ ಎಲ್ಲೋ ಕುಳಿತು ಜೋಡಿಸಿದ್ದಾರೆ. ಈಗ ಅಂಗಡಿಯವರು ನಂಬರ್ ಕೇಳಿದರೆ, "ಬಟ್ಟೆಗೆ ಹಣ ಸಾಲದೇ?" ಎನ್ನುತ್ತಾಳೆ.